ಛತ್ರದವನ ಲೆಕ್ಕವನ್ನು ಸಲ್ಲಿಸುವವರು ಯಾರು?

ರಸ್ತೆಯ ಅಪಘಾತದಲ್ಲಿ ಗಾಯಪಟ್ಟವರ ಔಷಧೋಪಚಾರದ ವೆಚ್ಚವನ್ನು ಕುರಿತ ಪಾಠ

ಓದತಕ್ಕ ವೇದಭಾಗಗಳು: ಲೂಕ 10:25–37, ವಿಮೋಚನಕಾಂಡ 21:18–19.



ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿಯುವ ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕಿದವನ ಸಾಮ್ಯವು ನಮ್ಮ ಸಭೆಗಳಲ್ಲಿ ಚಿಕ್ಕ ಮಕ್ಕಳಿಗೂ ಬಾಯಿಪಾಠವಾಗಿದೆ. ಯಾಜಕನು ದಾಟಿಹೋದನು, ಲೇವಿಯನು ದಾಟಿಹೋದನು, ಸಮಾರ್ಯದವನು ಮಾತ್ರ ನಿಂತು ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹೊಯ್ದು ಗಾಯಗಳನ್ನು ಕಟ್ಟಿದನು ಎಂಬಲ್ಲಿಗೆ ನಾವು ಪಾಠವನ್ನು ಮುಗಿಸಿಬಿಡುತ್ತೇವೆ. ಆದರೆ ಕರ್ತನು ಅಲ್ಲಿಗೆ ಮುಗಿಸಲಿಲ್ಲ. ಮರುದಿನ ಆ ಸಮಾರ್ಯದವನು ಛತ್ರದವನ ಕೈಗೆ ಎರಡು ಬೆಳ್ಳಿಯ ಹಣಗಳನ್ನು ಕೊಟ್ಟು, ಹೆಚ್ಚಿಗೆ ವೆಚ್ಚವಾದರೆ ತಾನು ತಿರಿಗಿ ಬಂದಾಗ ಸಲ್ಲಿಸುವೆನೆಂದು ಮಾತುಕೊಟ್ಟನೆಂದು ಆತನು ಹೇಳಿದನು. ಅಂಥ ಒಂದು ಹಣವು ಒಬ್ಬ ಕೂಲಿಯವನ ಒಂದು ದಿನದ ಸಂಬಳವಾಗಿತ್ತೆಂಬದು ಮತ್ತಾಯನ 20ನೆಯ ಅಧ್ಯಾಯದಿಂದ ತಿಳಿಯುವದು. ಗಾಯವನ್ನು ಕಟ್ಟಿದ ಕೈಯೇ ಲೆಕ್ಕವನ್ನೂ ಸಲ್ಲಿಸಿತು. ಆದದರಿಂದ ಆಸ್ಪತ್ರೆಯ ಬಿಲ್ಲನ್ನು ಕುರಿತು ಸಭೆಯಲ್ಲಿ ಮಾತಾಡುವದು ಲೋಕದ ಮಾತೆಂದು ಯಾರೂ ಎಣಿಸಬಾರದು.

ಇದಕ್ಕೆ ಮುಂಚೆಯೇ ಮೋಶೆಯ ಧರ್ಮಶಾಸ್ತ್ರವು ಇದೇ ವಿಷಯದಲ್ಲಿ ಒಂದು ವಿಧಿಯನ್ನು ಕೊಟ್ಟಿದೆ. ಜಗಳದಲ್ಲಿ ಹೊಡೆಸಿಕೊಂಡವನು ಸಾಯದೆ ಹಾಸಿಗೆ ಹಿಡಿದರೆ, ಹೊಡೆದವನು ಅವನ ಕೆಲಸ ಕೆಟ್ಟ ದಿವಸಗಳಿಗೆ ಹಣ ಕೊಟ್ಟು, ಅವನು ಪೂರ್ಣವಾಗಿ ಗುಣವಾಗುವ ವರೆಗೆ ನೋಡಿಕೊಳ್ಳಬೇಕೆಂಬದೇ ಅದರ ತಾತ್ಪರ್ಯ. ಔಷಧದ ವೆಚ್ಚ ಒಂದು, ಕೆಟ್ಟ ಕೂಲಿ ಇನ್ನೊಂದು. ಇಂದಿನ ನ್ಯಾಯಸ್ಥಾನಗಳು ಲೆಕ್ಕಹಾಕುವದೂ ಮುಖ್ಯವಾಗಿ ಈ ಎರಡನ್ನೇ.

ನಮ್ಮ ಸೀಮೆಯ ದಾರಿ

ಹುಮನಾಬಾದಿನಲ್ಲಿ ಎರಡು ರಾಷ್ಟ್ರೀಯ ಹೆದ್ದಾರಿಗಳು ಕೂಡುತ್ತವೆ. ಪುಣೆಯಿಂದ ಸೋಲಾಪುರದ ಮೇಲೆ ಹೈದರಾಬಾದಿಗೆ ಹೋಗುವ 65ನೆಯ ಹೆದ್ದಾರಿಯು ಬಸವಕಲ್ಯಾಣದ ಸೀಮೆಯನ್ನು ಹಾಯ್ದು ಇಲ್ಲಿಗೆ ಬರುವದು. ನಾಂದೇಡದಿಂದ ಬೀದರದ ಮೇಲೆ ಕಲಬುರಗಿಗೆ ಹೋಗುವ 50ನೆಯದು ಅದನ್ನು ಕೂಡುವದು. ಹಗಲಿರುಳು ಓಡುವ ಲಾರಿಗಳ ಪಕ್ಕದಲ್ಲಿಯೇ ನಮ್ಮ ಜನರು ಕೂಲಿಗೂ ಸಂತೆಗೂ ಆರಾಧನೆಗೂ ಹೋಗಬೇಕು. ಕಬ್ಬಿನ ಕಾಲದಲ್ಲಿ ಹಿಂದೆ ದೀಪವಿಲ್ಲದ ಟ್ರಾಲಿಗಳು ಕತ್ತಲೆಯಲ್ಲಿ ನಿಂತಿರುತ್ತವೆ. ನೆರೆಯ ಚಿಟಗುಪ್ಪಾ ತಾಲೂಕಿನ ಬೇಮಳಖೇಡದ ಬಳಿಯಲ್ಲಿ 2022ನೆಯ ನವೆಂಬರ ತಿಂಗಳಲ್ಲಿ ಕೂಲಿ ಮುಗಿಸಿ ಆಟೋದಲ್ಲಿ ಮನೆಗೆ ಹಿಂದಿರುಗುತ್ತಿದ್ದ ಹೆಂಗಸರಿಗೆ ಲಾರಿ ಬಡಿದು 7 ಮಂದಿ ಸತ್ತುಹೋದದ್ದನ್ನೂ, ಇನ್ನೂ ಅನೇಕರು ಗಾಯಪಟ್ಟದ್ದನ್ನೂ ನಾವು ಮರೆತಿಲ್ಲ.

ಸತ್ತವರಿಗಾಗಿ ಊರೆಲ್ಲಾ ಅಳುವದು. ಬದುಕಿ ಉಳಿದವರ ಕಷ್ಟವಾದರೋ ಆಮೇಲೆ ಆರಂಭವಾಗುವದು. ಕಾಲು ಮುರಿದವನ ಮನೆಯವರು ಮೊದಲನೆಯ ರಾತ್ರಿಯೇ ಸಾಹುಕಾರನ ಬಾಗಲಿಗೆ ಹೋಗಿ, ನೂರಕ್ಕೆ ತಿಂಗಳಿಗೆ ಇಷ್ಟು ಬಡ್ಡಿಯೆಂದು ಒಪ್ಪಿ, ಎಮ್ಮೆಯನ್ನೋ ಎರಡು ಎಕರೆ ಹೊಲವನ್ನೋ ಕಳೆದುಕೊಳ್ಳುತ್ತಾರೆ. ಕಾಲು ಕೂಡಿಕೊಳ್ಳುವದು, ಹೊಲ ತಿರಿಗಿ ಬರುವದಿಲ್ಲ. ಸರಕಾರವು ಇಂಥವರಿಗೆಂದೇ ಇಟ್ಟಿರುವ ದಾರಿಗಳನ್ನು ಅರಿಯದೆ ಇರುವದು ಈ ನಷ್ಟಕ್ಕೆ ಒಂದು ದೊಡ್ಡ ಕಾರಣ. ಆ ದಾರಿಗಳನ್ನು ಕ್ರಮವಾಗಿ ನೋಡೋಣ.

1. ಮೊದಲನೆಯ ತಾಸು

ಅಪಘಾತವನ್ನು ಕಂಡವನು 108ಕ್ಕೆ ಇಲ್ಲವೆ 112ಕ್ಕೆ ಕರೆಮಾಡಬೇಕು. ಹೆದ್ದಾರಿಯ ಮೇಲಾದರೆ 1033 ಎಂಬ ಸಂಖ್ಯೆಯೂ ಉಂಟು. ಪೋಲೀಸರ ಭಯದಿಂದ ಅನೇಕರು ಯಾಜಕನ ಹಾಗೆ ಆಚೆಯಿಂದ ಹೋಗುತ್ತಾರೆ. ಈ ಭಯಕ್ಕೆ ಈಗ ಆಧಾರವಿಲ್ಲ. 2016ನೆಯ ಮಾರ್ಚ್ 30ರಂದು ಸುಪ್ರೀಂ ಕೋರ್ಟು, ಗಾಯಪಟ್ಟವರಿಗೆ ಸಹಾಯ ಮಾಡಿದವರನ್ನು ಪೀಡಿಸಬಾರದೆಂಬ ನಿಯಮಗಳಿಗೆ ಬಲವನ್ನು ಕೊಟ್ಟಿತು. ನಮ್ಮ ಕರ್ನಾಟಕವು ಆಮೇಲೆ ಇದಕ್ಕಾಗಿ ಪ್ರತ್ಯೇಕ ಕಾಯಿದೆಯನ್ನು ಮಾಡಿತು. ರಾಜ್ಯಗಳೊಳಗೆ ಮೊದಲನೆಯದು ಇದೇ. 2019ರಲ್ಲಿ ಮೋಟಾರು ವಾಹನಗಳ ಕಾಯಿದೆಯಲ್ಲಿಯೂ ಇಂಥ ವಿಧಿಯನ್ನು ಸೇರಿಸಿದರು. ಆಸ್ಪತ್ರೆಗೆ ತಂದವನು ತನ್ನ ಹೆಸರನ್ನು ಹೇಳಲೇಬೇಕೆಂಬ ಬಲವಂತವಿಲ್ಲ. ಅವನಿಂದ ಹಣ ಕೇಳಕೂಡದು. ಈ ನಿಯಮಗಳಲ್ಲಿ ಇಂಥ ಸಹಾಯಕನಿಗೆ ಇಟ್ಟ ಹೆಸರು 'ಒಳ್ಳೆಯ ಸಮಾರ್ಯದವನು' ಎಂಬದೇ. ಅನ್ಯರೂ ಮೆಚ್ಚಿ ಕಾಯಿದೆಯಲ್ಲಿ ಬರೆದುಕೊಂಡ ಹೆಸರಿಗೆ ನಾವು ಅಯೋಗ್ಯರಾಗಬಾರದು.

ಆಸ್ಪತ್ರೆಯ ಕರ್ತವ್ಯವೂ ಸ್ಪಷ್ಟವಾಗಿದೆ. ಸರಕಾರದ ವೈದ್ಯನಾಗಲಿ ಖಾಸಗಿ ವೈದ್ಯನಾಗಲಿ ಪೋಲೀಸರ ಕಾಗದಕ್ಕೆ ಕಾಯದೆ ಮೊದಲು ಪ್ರಾಣವನ್ನು ಉಳಿಸಬೇಕೆಂದು ಸುಪ್ರೀಂ ಕೋರ್ಟು 1989ರಲ್ಲಿಯೇ ತೀರ್ಪು ಕೊಟ್ಟಿದೆ. ಆದದರಿಂದ ಬಾಗಲಿನಲ್ಲಿ ಯಾರಾದರೂ ತಡೆದರೆ, ನಮ್ಮವರು ಹೆದರದೆ, ಆದರೆ ಮರ್ಯಾದೆಯಿಂದ, ಈ ಮಾತನ್ನು ನೆನಪುಮಾಡಿಕೊಡಬೇಕು.

ಇದೇ ತಾಸಿನಲ್ಲಿ ಮತ್ತೊಂದು ಕೆಲಸವುಂಟು. ಗಾಯವು ಹೇಗಾಯಿತೆಂದು ವೈದ್ಯರು ಕೇಳಿ ಪುಸ್ತಕದಲ್ಲಿ ಬರೆಯುತ್ತಾರೆ. ಕೆಲವರು ಪೋಲೀಸರ ಗೊಡವೆ ಬೇಡವೆಂದು 'ಮನೆಯಲ್ಲಿ ಜಾರಿ ಬಿದ್ದನು' ಎಂದು ಬರೆಸುತ್ತಾರೆ. ಆ ಒಂದು ಮಾತು ಮುಂದೆ ಬರಬಹುದಾದ ಎಲ್ಲಾ ಸಹಾಯಕ್ಕೂ ಅಡ್ಡವಾಗಿ ನಿಲ್ಲುವದು. ರಸ್ತೆಯ ಅಪಘಾತವೆಂದೂ, ಬಡಿದ ವಾಹನದ ಸಂಖ್ಯೆ ತಿಳಿದಿದ್ದರೆ ಅದನ್ನೂ ಹೇಳಿ, ಎಂ.ಎಲ್.ಸಿ. ಎಂದು ದಾಖಲು ಮಾಡಿಸಬೇಕು.

2. ಮೊದಲನೆಯ ಏಳು ದಿವಸ

2016ನೆಯ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಗುಬ್ಬಿ ತಾಲೂಕಿನ ಹರೀಶನೆಂಬ ಯೌವನಸ್ಥನಿಗೆ ಲಾರಿ ಬಡಿದು ದೇಹವೇ ತುಂಡಾಯಿತು. ಅವನು ಸಾಯುವ ಮುಂಚೆ ತನ್ನ ಅಂಗಗಳನ್ನು ಬೇರೆಯವರಿಗೆ ಕೊಡಬೇಕೆಂದು ಬೇಡಿಕೊಂಡನು. ಅವನ ಹೆಸರಿನಲ್ಲಿ ರಾಜ್ಯ ಸರಕಾರವು ಮರು ತಿಂಗಳಲ್ಲಿಯೇ 'ಮುಖ್ಯಮಂತ್ರಿ ಸಾಂತ್ವನ ಹರೀಶ ಯೋಜನೆ'ಯನ್ನು ಆರಂಭಿಸಿ, ಮೊದಲನೆಯ 48 ತಾಸುಗಳ ಚಿಕಿತ್ಸೆಗೆ 25,000 ರೂಪಾಯಿಗಳ ವರೆಗೆ, ಗಾಯಪಟ್ಟವನು ಯಾವ ಊರಿನವನೆಂದು ಕೇಳದೆ ಕೊಡುವಂತೆ ಏರ್ಪಾಡು ಮಾಡಿತು. 2018ರಲ್ಲಿ ಇದನ್ನು ಆರೋಗ್ಯ ಕರ್ನಾಟಕವೆಂಬ ದೊಡ್ಡ ಯೋಜನೆಯೊಳಗೆ ಕೂಡಿಸಿದರು.

ಆಮೇಲೆ ಕೇಂದ್ರ ಸರಕಾರವು 2025ನೆಯ ಮೇ 5ರಂದು ದೇಶಕ್ಕೆಲ್ಲಾ ಸಲ್ಲುವ ಒಂದು ಯೋಜನೆಯನ್ನು ಪ್ರಕಟಿಸಿತು. ಮೋಟಾರು ವಾಹನದಿಂದ ಯಾವ ರಸ್ತೆಯ ಮೇಲೆ ಅಪಘಾತವಾದರೂ, ಗಾಯಪಟ್ಟವನಿಗೆ ಗೊತ್ತುಮಾಡಿದ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿವಸಗಳ ವರೆಗೆ, 1,50,000 ರೂಪಾಯಿಗಳಿಗೆ ಮೀರದಂತೆ, ಕೈಯಿಂದ ಹಣ ಕೊಡದೆ ಚಿಕಿತ್ಸೆ ದೊರಕುವದು. ಬಡವನೋ ಐಶ್ವರ್ಯವಂತನೋ ಎಂಬ ಭೇದವಿಲ್ಲ. ಪಟ್ಟಿಯಲ್ಲಿಲ್ಲದ ಆಸ್ಪತ್ರೆಯಲ್ಲಾದರೆ ಪ್ರಾಣವನ್ನು ಸ್ಥಿರಪಡಿಸುವಷ್ಟು ಚಿಕಿತ್ಸೆಗೆ ಮಾತ್ರ ಇದು ಸಲ್ಲುವದು. ಇದು ನಡೆಯಬೇಕಾದರೆ ಅಪಘಾತವಾದದ್ದು ನಿಜವೆಂದು ಪೋಲೀಸರು ದೃಢಪಡಿಸಬೇಕು. ಹೀಗಿರಲಾಗಿ ಪೋಲೀಸರಿಗೆ ತಿಳಿಸದೆ ಮರೆಮಾಡುವವನು ತನ್ನ ಬಿಲ್ಲನ್ನು ತಾನೇ ಹೊರುವನು.

3. ಏಳು ದಿವಸಗಳ ಮೇಲೆ

ಮುರಿದ ಎಲುಬಿಗೆ ಏಳು ದಿವಸಗಳು ಸಾಲುವದಿಲ್ಲ. ಆಗ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕದ ಕಾರ್ಡು ಉಪಯೋಗಕ್ಕೆ ಬರುವದು. ಬಿ.ಪಿ.ಎಲ್. ಪಡಿತರ ಚೀಟಿಯುಳ್ಳ ಕುಟುಂಬಕ್ಕೆ ವರುಷಕ್ಕೆ 5 ಲಕ್ಷ ರೂಪಾಯಿಗಳ ವರೆಗೆ ಚಿಕಿತ್ಸೆ ಉಂಟು; ಮಿಕ್ಕವರಿಗೆ ಗೊತ್ತುಮಾಡಿದ ದರದಲ್ಲಿ ನೂರಕ್ಕೆ 30ರಷ್ಟು, ವರುಷಕ್ಕೆ 1,50,000 ರೂಪಾಯಿಗಳಿಗೆ ಮೀರದಂತೆ ಸಲ್ಲುವದು. ಇದಕ್ಕೆ ಒಂದು ಕ್ರಮವಿದೆ: ಮೊದಲು ಸರಕಾರದ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆಗದಿದ್ದರೆ ಅವರು ಕೊಟ್ಟ ಚೀಟಿಯೊಡನೆ ಪಟ್ಟಿಯಲ್ಲಿರುವ ಬೇರೆ ಆಸ್ಪತ್ರೆಗೆ ಹೋಗಬೇಕು. ಪ್ರಾಣಕ್ಕೆ ಅಪಾಯವಿರುವಾಗ ಮಾತ್ರ ಈ ಚೀಟಿ ಬೇಕಾಗಿಲ್ಲ.

ಹುಮನಾಬಾದಿನಲ್ಲಿಯೂ ಬಸವಕಲ್ಯಾಣದಲ್ಲಿಯೂ ಸರಕಾರದ ಆಸ್ಪತ್ರೆಗಳುಂಟು. ಅವುಗಳಿಗೆ ಮೇಲೆ ಬೀದರದಲ್ಲಿ ಬ್ರಿಮ್ಸ್ ಎಂಬ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ, ಕಲಬುರಗಿಯಲ್ಲಿ ಜಿಮ್ಸ್ ಎಂಬದೂ ಇವೆ. ನಮ್ಮ ಜನರು ಸಂಬಂಧಿಕರ ಮಾತನ್ನು ಕೇಳಿ ನೆಟ್ಟಗೆ ಸೋಲಾಪುರಕ್ಕೋ ಹೈದರಾಬಾದಿಗೋ ಓಡುವದುಂಟು. ಹೋಗುವದು ಪಾಪವಲ್ಲ, ಆದರೆ ಹೊರಡುವ ಮುಂಚೆ ಆ ಆಸ್ಪತ್ರೆಯಲ್ಲಿ ನಮ್ಮ ಕಾರ್ಡು ನಡೆಯುವದೋ ಎಂದು ಕೇಳಬೇಕು. ಇದನ್ನು ಕೇಳತಕ್ಕದ್ದು ಆಸ್ಪತ್ರೆಯಲ್ಲಿ ಕೂಡ್ರುವ ಆರೋಗ್ಯಮಿತ್ರನನ್ನೇ ಹೊರತು ಬಾಗಲಿನಲ್ಲಿ ನಿಂತ ದಲ್ಲಾಳಿಯನ್ನಲ್ಲ.

4. ಕೊನೆಗೆ ಕೊಡತಕ್ಕವರು

ಇದು ವರೆಗೆ ಹೇಳಿದ್ದು ಸರಕಾರದ ಸಹಾಯ. ಆದರೆ ತಪ್ಪು ಮಾಡಿದವನೇ ನಷ್ಟವನ್ನು ತುಂಬತಕ್ಕದ್ದೆಂಬದು ಮೋಶೆಯ ವಿಧಿ. ನಮ್ಮ ದೇಶದ ಕಾಯಿದೆಯೂ ಹಾಗೆಯೇ ಹೇಳುವದು. ಒಬ್ಬ ಬಡ ಚಾಲಕನಿಂದ ಲಕ್ಷಗಟ್ಟಲೆ ಹಣ ಹುಟ್ಟುವದಿಲ್ಲವಾದಕಾರಣ, ರಸ್ತೆಗೆ ಇಳಿಯುವ ಪ್ರತಿ ವಾಹನಕ್ಕೂ ಮೂರನೆಯವರ ವಿಮೆ ಇರಲೇಬೇಕೆಂದು 1988ನೆಯ ಮೋಟಾರು ವಾಹನಗಳ ಕಾಯಿದೆ ವಿಧಿಸಿದೆ. ಬಡಿದ ವಾಹನದ ವಿಮೆಯ ಕಂಪನಿಯು ನಮ್ಮ ವೆಚ್ಚವನ್ನು ಕೊಡಬೇಕು. ಆದರೆ ಅದು ಆಸ್ಪತ್ರೆಗೆ ಬಂದು ಬಿಲ್ಲನ್ನು ಕಟ್ಟುವದಿಲ್ಲ. ನಾವು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಿ, ಖರ್ಚಾದ ಹಣವನ್ನು ರುಜುವಾತುಪಡಿಸಿ ಪಡೆಯಬೇಕು.

ಅರ್ಜಿಯನ್ನು ಅಪಘಾತವಾದ ಸೀಮೆಯ ಮಂಡಳಿಯಲ್ಲಿಯೂ, ನಾವು ವಾಸಿಸುವ ಸೀಮೆಯ ಮಂಡಳಿಯಲ್ಲಿಯೂ ಹಾಕಬಹುದು. ಸೋಲಾಪುರದ ಕಡೆಯಲ್ಲಿ ಗಾಯಪಟ್ಟವನು ಪ್ರತಿ ತಾರೀಖಿಗೆ ಅಲ್ಲಿಗೇ ತಿರುಗಬೇಕಾಗಿಲ್ಲ. 2022ನೆಯ ಏಪ್ರಿಲ್ 1ರಿಂದ ನಡೆಯುವ ತಿದ್ದುಪಡಿಯ ಮೇರೆಗೆ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಬೀಳಬೇಕು. ಇದನ್ನು ಗೋಡೆಯ ಮೇಲೆ ಬರೆದಿಡಿರಿ. ಅದೇ ದಿನದಿಂದ ನಡೆಯುವ ನಿಯಮಗಳ ಮೇರೆಗೆ ಪೋಲೀಸರು 48 ತಾಸುಗಳಲ್ಲಿ ಮೊದಲನೆಯ ವರದಿಯನ್ನೂ, 90 ದಿವಸಗಳಲ್ಲಿ ಸವಿಸ್ತಾರವಾದ ವರದಿಯನ್ನೂ ಮಂಡಳಿಗೆ ಕಳುಹಿಸಬೇಕು.

ಮಂಡಳಿಯು ಔಷಧ ಮತ್ತು ಆಸ್ಪತ್ರೆಯ ಬಿಲ್ಲು, ಹೋಗಿಬರುವ ಬಾಡಿಗೆ, ಪುಷ್ಟಿಯ ಆಹಾರ, ಕೆಟ್ಟ ಕೂಲಿ, ಮುಂದೆ ಬೇಕಾಗುವ ಚಿಕಿತ್ಸೆ, ಅನುಭವಿಸಿದ ನೋವು, ಅಂಗ ಊನವಾಗಿದ್ದರೆ ಅದರಿಂದ ಮುಂದಿನ ಗಳಿಕೆಗೆ ಆಗುವ ಕೊರತೆ, ಇವುಗಳನ್ನೆಲ್ಲಾ ಲೆಕ್ಕಿಸುವದು. ಮನೆಕೆಲಸ ಮಾಡುವ ಹೆಂಗಸಿಗೆ ಗಳಿಕೆಯಿಲ್ಲವೆಂದು ಹೇಳಕೂಡದು. ಅವಳ ದುಡಿಮೆಗೆ ಬೆಲೆಯುಂಟೆಂದು ಸುಪ್ರೀಂ ಕೋರ್ಟು 2021ರಲ್ಲಿ ಪುನಃ ಹೇಳಿದೆ. ತಪ್ಪು ಯಾರದೆಂದು ರುಜುವಾತುಪಡಿಸದೆ, ಕಠಿಣ ಗಾಯಕ್ಕೆ 2,50,000 ರೂಪಾಯಿ, ಮರಣಕ್ಕೆ 5 ಲಕ್ಷ ಎಂದು ಗೊತ್ತಾದ ಹಣ ಪಡೆಯುವ ದಾರಿಯೂ ಒಂದುಂಟು. ಎರಡು ದಾರಿಗಳಲ್ಲಿಯೂ ನಡೆಯಲಾಗದು. ಆದದರಿಂದ ಯಾವದು ತಕ್ಕದ್ದೆಂದು ವಕೀಲರನ್ನು ಕೇಳಿ ಆರಿಸಬೇಕು. ವಕೀಲರಿಗೆ ಕೊಡಲು ಹಣವಿಲ್ಲದವರು ನ್ಯಾಯಾಲಯದಲ್ಲಿಯೇ ಇರುವ ತಾಲೂಕು ಕಾನೂನು ಸೇವೆಗಳ ಸಮಿತಿಗೆ ಹೋಗಲಿ. ಸ್ತ್ರೀಯರಿಗೂ ಮಕ್ಕಳಿಗೂ ಅಂಗವಿಕಲರಿಗೂ ಅಲ್ಪ ವರಮಾನದವರಿಗೂ ಅಲ್ಲಿ ಧರ್ಮಾರ್ಥವಾಗಿ ವಕೀಲರನ್ನು ಕೊಡುತ್ತಾರೆ.

ಒಂದು ದೃಷ್ಟಾಂತದಿಂದ ಇದನ್ನು ಕೂಡಿಸಿ ನೋಡೋಣ. ಕೂಲಿ ಮಾಡುವ ಒಬ್ಬನಿಗೆ ಕಾರು ಬಡಿದು ಕಾಲು ಮುರಿಯಿತೆಂದಿರಲಿ. ಮೊದಲನೆಯ ವಾರದ ಬಿಲ್ಲು 90,000 ರೂಪಾಯಿ: ಇದು ಏಳು ದಿವಸಗಳ ಯೋಜನೆಗೆ ಸೇರಿದ್ದು. ಎರಡನೆಯ ತಿಂಗಳಲ್ಲಿ ಮತ್ತೊಂದು ಶಸ್ತ್ರಚಿಕಿತ್ಸೆಗೆ 60,000: ಇದು ಕಾರ್ಡಿಗೆ ಸೇರಿದ್ದು. ಹೊರಗೆ ಕೊಂಡ ಔಷಧ, ಬಾಡಿಗೆ, ಆಹಾರ ಎಲ್ಲಾ ಕೂಡಿ 25,000, ಮತ್ತು ಆರು ತಿಂಗಳ ಕೂಲಿ: ಇವು ಕಾರಿನ ವಿಮೆಯವರಿಂದ ಬರತಕ್ಕದ್ದು. ಇವನು ಸಾಹುಕಾರನ ಬಾಗಲಿಗೆ ಹೋಗುವದಾದರೆ 25,000ಕ್ಕೆ ಹೋಗಬಹುದೇ ಹೊರತು 1,75,000ಕ್ಕೆ ಅಲ್ಲ. ಸಭೆಯು ಎಚ್ಚರವಾಗಿದ್ದರೆ ಅದಕ್ಕೂ ಹೋಗಬೇಕಾಗಿಲ್ಲ.

5. ವಿಮೆಯು ತಲುಪದ ಸ್ಥಳಗಳು

ಕೆಲವು ಸಂಗತಿಗಳಲ್ಲಿ ವಿಮೆಯವರು ಕೊಡಬೇಕಾಗಿರುವದಿಲ್ಲ. ಇವು ನಮ್ಮ ಹಳ್ಳಿಗಳಲ್ಲಿ ಹೆಚ್ಚು.

ಮೊದಲನೆಯದು, ಟ್ರ್ಯಾಕ್ಟರಿನ ಟ್ರಾಲಿ ಮತ್ತು ಸಾಮಾನು ಸಾಗಿಸುವ ಟೆಂಪೊ. ಧಾರೂರಿನ ಜಾತ್ರೆಗಾಗಲಿ ಮದುವೆಯ ದಿಬ್ಬಣಕ್ಕಾಗಲಿ ನಮ್ಮವರು ಇವುಗಳಲ್ಲಿ ತುಂಬಿಕೊಂಡು ಹೋಗುತ್ತಾರೆ. ಸಾಮಾನಿನ ಗಾಡಿಯಲ್ಲಿ ಸುಮ್ಮನೆ ಕೂತುಹೋಗುವ ಪ್ರಯಾಣಿಕರಿಗೆ ಆ ಗಾಡಿಯ ವಿಮೆಯವರು ಹೊಣೆಗಾರರಲ್ಲವೆಂದು ಸುಪ್ರೀಂ ಕೋರ್ಟು 2002ರಲ್ಲಿ ತೀರ್ಮಾನಿಸಿದೆ. ಗಾಡಿ ಮಗುಚಿದರೆ ಮಾಲೀಕನ ಹೊರತು ಕೇಳತಕ್ಕವರಿಲ್ಲ. ಮಾಲೀಕನೋ ಹೆಚ್ಚಾಗಿ ನಮ್ಮ ಸಭೆಯವನೇ. ಬಸ್ಸಿನ ಬಾಡಿಗೆಯನ್ನು ಉಳಿಸಹೋಗಿ ಎಷ್ಟು ಕುಟುಂಬಗಳನ್ನು ಅಪಾಯಕ್ಕೆ ಒಡ್ಡುತ್ತೇವೆಂದು ಸಭೆಯ ಹಿರಿಯರು ಯೋಚಿಸಲಿ.

ಎರಡನೆಯದು, ಬೈಕು. ತನ್ನ ಬೈಕಿನಿಂದ ತಾನೇ ಬಿದ್ದವನಿಗೆ ಮೂರನೆಯವರ ವಿಮೆಯಿಂದ ಆಸ್ಪತ್ರೆಯ ವೆಚ್ಚ ಬರುವದಿಲ್ಲ. ಮಾಲೀಕನಾದ ಸವಾರನಿಗಿರುವ 15 ಲಕ್ಷ ರೂಪಾಯಿಗಳ ವಿಮೆಯು ಮರಣಕ್ಕೂ ಶಾಶ್ವತವಾದ ಊನಕ್ಕೂ ಸಲ್ಲುವದೇ ಹೊರತು ಬಿಲ್ಲಿಗಲ್ಲ. ಹಿಂದೆ ಕೂತವನಿಗೂ ಕಡಿಮೆ ಬೆಲೆಯ ವಿಮೆಯಲ್ಲಿ ಸಾಮಾನ್ಯವಾಗಿ ರಕ್ಷಣೆಯಿಲ್ಲ. ಪೂರ್ಣ ವಿಮೆಯಲ್ಲಿ ಉಂಟು. ಆದರೆ ಏಳು ದಿವಸಗಳ ಯೋಜನೆಯೂ ಕಾರ್ಡೂ ಇವರಿಗೆ ಸಲ್ಲುತ್ತವೆ.

ಮೂರನೆಯದು, ಬಡಿದು ಓಡಿಹೋದ ವಾಹನ. ಗುರುತು ಸಿಕ್ಕದಿದ್ದರೂ ಕೈಚೆಲ್ಲಿ ಕೂಡ್ರಬೇಡಿರಿ. 2022ನೆಯ ಏಪ್ರಿಲ್ 1ರಿಂದ ಇಂಥಲ್ಲಿ ಮರಣಕ್ಕೆ 2 ಲಕ್ಷ, ಕಠಿಣ ಗಾಯಕ್ಕೆ 50,000 ರೂಪಾಯಿ ಕೊಡುವ ಏರ್ಪಾಡಿದೆ. ಅರ್ಜಿಯನ್ನು ಉಪವಿಭಾಗಾಧಿಕಾರಿಯ ಇಲ್ಲವೆ ತಹಶೀಲ್ದಾರರ ಕಚೇರಿಯಲ್ಲಿ ವಿಚಾರಿಸಬೇಕು.

6. ಎರಡು ಶೋಧನೆಗಳು

ಒಂದು, ದಾರಿಯ ಮೇಲಿನ ರಾಜಿ. ವಾಹನದವನು ಹತ್ತು ಸಾವಿರ ರೂಪಾಯಿ ಕೈಗಿಟ್ಟು 'ಫಿರ್ಯಾದು ಬೇಡ' ಅನ್ನುವನು. ಗಾಯದ ಆಳ ಆ ಹೊತ್ತಿನಲ್ಲಿ ವೈದ್ಯನಿಗೂ ತಿಳಿಯದು. ಹತ್ತು ಸಾವಿರವು ಎರಡನೆಯ ದಿನಕ್ಕೆ ತೀರುವದು. ಮುಂದಿನ ಬಾಗಲುಗಳೆಲ್ಲಾ ಮುಚ್ಚುವವು. ಕ್ರೈಸ್ತನು ಕ್ಷಮಿಸಬೇಕಲ್ಲವೇ, ಕೋರ್ಟಿಗೆ ಹೋಗಬಹುದೇ ಎಂದು ಕೆಲವರು ಕೇಳುತ್ತಾರೆ. ಚಾಲಕನನ್ನು ಹೃದಯದಿಂದ ಕ್ಷಮಿಸಿರಿ. ಅವನ ಮೇಲೆ ಹಗೆಯಿಡಬೇಡಿರಿ. ಆದರೆ ಕ್ಷಮೆಯೆಂಬದು ಹೆಂಡತಿಮಕ್ಕಳ ಅನ್ನವನ್ನು ಬಿಟ್ಟುಕೊಡುವದಲ್ಲ. ನಷ್ಟವನ್ನು ತುಂಬಿಕೊಡಿಸುವದು ದೇವರೇ ವಿಧಿಸಿದ ನ್ಯಾಯ, ಮತ್ತು ಪೌಲನೂ ತನ್ನ ನ್ಯಾಯಕ್ಕಾಗಿ ಕೈಸರನಿಗೆ ಮೊರೆಯಿಟ್ಟನು.

ಎರಡು, ಸುಳ್ಳು. ಎತ್ತಿನಿಂದ ಬಿದ್ದವನನ್ನು ಬೈಕು ಬಡಿಯಿತೆಂದು ಬರೆಸುವದು, ವಿಮೆಯಿಲ್ಲದ ವಾಹನಕ್ಕೆ ಬದಲಾಗಿ ವಿಮೆಯಿರುವ ನೆಂಟರ ವಾಹನವನ್ನು ತೋರಿಸುವದು, ಕೊಳ್ಳದ ಔಷಧದ ಬಿಲ್ಲು ಮಾಡಿಸುವದು, ಸರಕಾರವು ಸಲ್ಲಿಸಿದ ಬಿಲ್ಲನ್ನೇ ತಾನು ಸಲ್ಲಿಸಿದೆನೆಂದು ತಿರಿಗಿ ಕೇಳುವದು, ಇವು ಅಪರಾಧಗಳು. 'ಕಂಪನಿಯ ಹಣವಲ್ಲವೇ' ಎಂದು ದಲ್ಲಾಳಿಗಳು ಹೇಳಿಕೊಡುವರು. ಅನನೀಯ ಸಫೈರಳ ಕಥೆಯನ್ನು ಓದಿದ ನಾವು ಆ ಮಾತಿಗೆ ಕಿವಿಗೊಡಬಾರದು. ಒಬ್ಬನ ಸುಳ್ಳು ಬಯಲಾದರೆ, ಆಮೇಲೆ ನಿಜವಾಗಿ ಗಾಯಪಟ್ಟು ಬರುವ ಬಡವನ ಮಾತನ್ನೂ ಅಧಿಕಾರಿಗಳು ನಂಬುವದಿಲ್ಲ.

7. ಸಭೆಯು ಮಾಡತಕ್ಕದ್ದು

ಸಮಾರ್ಯದವನು ತಾನೇ ತಿರಿಗಿ ಬರುವೆನೆಂದು ಹೇಳಿದನು. ನಮ್ಮ ಸಭೆಗಳು ಮೊದಲನೆಯ ದಿನ ಆಸ್ಪತ್ರೆಗೆ ಹೋಗಿ ಪ್ರಾರ್ಥಿಸಿ ಬರುತ್ತವೆ. ತಿರಿಗಿ ಹೋಗುವದು ಅಪರೂಪ. ಕೆಳಗಿನವುಗಳನ್ನು ಪ್ರತಿ ಸಭೆಯೂ ಮಾಡಬಹುದು.

ಓದುಬರಹ ಬಲ್ಲ ಇಬ್ಬರನ್ನು, ಒಬ್ಬ ಗಂಡಸು ಒಬ್ಬ ಹೆಂಗಸು, ಈ ಕೆಲಸಕ್ಕೆ ನೇಮಿಸಿರಿ. ಅಪಘಾತದ ಸುದ್ದಿ ಬಂದ ಕೂಡಲೆ ಅವರು ಹೋಗಿ ಎಂ.ಎಲ್.ಸಿ.ಯನ್ನೂ ಪೋಲೀಸರ ಎಫ್.ಐ.ಆರ್. ನಕಲನ್ನೂ ನೋಡಿಕೊಳ್ಳಲಿ. ಗಾಯಪಟ್ಟವನ ಮನೆಗೆ ಒಂದು ಬಟ್ಟೆಯ ಚೀಲ ಕೊಟ್ಟು, ಔಷಧದ ಪ್ರತಿ ಚೀಟಿ, ಎಕ್ಸ್‌ರೇ, ಬಿಡುಗಡೆಯ ಕಾಗದ, ಬಾಡಿಗೆಯ ರಸೀದಿ, ಗಾಯದ ಸರ್ಟಿಫಿಕೇಟು, ವಾಹನದ ಮತ್ತು ವಿಮೆಯ ನಕಲು ಎಲ್ಲವನ್ನೂ ಅದರೊಳಗೆ ಹಾಕಿಸಲಿ. ಮಳೆಗೆ ನೆನೆದ ಚೀಟಿಯಿಂದ ಹಣ ಹುಟ್ಟುವದಿಲ್ಲ. ಸುಗ್ಗಿಯಲ್ಲಿ ಎತ್ತುವ ಹಿಡಿಜೋಳದ ಕಾಣಿಕೆಯಿಂದ ಒಂದು ಪಾಲನ್ನು ಬೇರೆಯಿಟ್ಟು, ಮೊದಲನೆಯ ವಾರದ ಬಾಡಿಗೆಗೂ ಊಟಕ್ಕೂ ಬಡ್ಡಿಯಿಲ್ಲದೆ ಕೊಡಿರಿ. ಪ್ರತಿ ಕುಟುಂಬದ ಆರೋಗ್ಯ ಕಾರ್ಡು ಸರಿಯಾಗಿದೆಯೋ, ಪ್ರತಿ ಬೈಕಿನ ವಿಮೆ ತೀರಿಹೋಗಿದೆಯೋ ಎಂದು ವರುಷಕ್ಕೊಮ್ಮೆ ವಿಚಾರಿಸಿರಿ. ನಮ್ಮ ಬೈಕು ಬೇರೆಯವನಿಗೆ ಬಡಿದಾಗ ವಿಮೆಯಿಲ್ಲದಿದ್ದರೆ, ನೆರೆಯವನನ್ನು ದಾರಿಯಲ್ಲಿ ಬಿಟ್ಟವರು ನಾವೇ ಆಗುವೆವು.

ಈ ಕೆಲಸವು ಸಭೆಯವರಿಗೆ ಮಾತ್ರವೋ? ಸಮಾರ್ಯದವನು ಬಿದ್ದವನ ಕುಲವನ್ನು ಕೇಳಲಿಲ್ಲ. ಊರಿನಲ್ಲಿ ಯಾರೇ ಗಾಯಪಟ್ಟರೂ ಈ ಇಬ್ಬರು ಹೋಗಲಿ.

ಸಭೆಯಲ್ಲಿ ಕೇಳತಕ್ಕ ಪ್ರಶ್ನೆಗಳು

1. ಸಮಾರ್ಯದವನು ಮರುದಿನ ಏನು ಮಾಡಿದನು? ನಾವು ಅದನ್ನು ಯಾಕೆ ಮರೆಯುತ್ತೇವೆ?
2. ಗಾಯ ಹೇಗಾಯಿತೆಂದು ವೈದ್ಯರು ಕೇಳಿದಾಗ ಏನು ಹೇಳಬೇಕು?
3. ಮೊದಲನೆಯ ಏಳು ದಿವಸಗಳ ಬಿಲ್ಲನ್ನು ಯಾರು ಸಲ್ಲಿಸುತ್ತಾರೆ? ಎಷ್ಟರ ವರೆಗೆ?
4. ಮಂಡಳಿಗೆ ಅರ್ಜಿಯನ್ನು ಎಷ್ಟು ತಿಂಗಳೊಳಗೆ ಹಾಕಬೇಕು?
5. ಟ್ರಾಲಿಯಲ್ಲಿ ಜಾತ್ರೆಗೆ ಹೋಗುವದು ಯಾಕೆ ಅಪಾಯ?
6. ಚಾಲಕನನ್ನು ಕ್ಷಮಿಸಿಯೂ ಪರಿಹಾರವನ್ನು ಕೇಳಬಹುದೇ?
7. ನಮ್ಮ ಸಭೆಯಲ್ಲಿ ಈ ಕೆಲಸಕ್ಕೆ ನೇಮಿಸತಕ್ಕ ಇಬ್ಬರು ಯಾರು?

ಏಳನೆಯ ಪ್ರಶ್ನೆಗೆ ಉತ್ತರ ಸಿಕ್ಕುವ ವರೆಗೆ ಕೂಟವನ್ನು ಮುಗಿಸಬೇಡಿರಿ. ಆಮೇಲೆ, ಈಗ ಆಸ್ಪತ್ರೆಗಳಲ್ಲಿ ಮಲಗಿರುವವರಿಗಾಗಿಯೂ ಹೆದ್ದಾರಿಗಳಲ್ಲಿ ರಾತ್ರಿ ವಾಹನ ನಡಿಸುವವರಿಗಾಗಿಯೂ ಕೂಡಿ ಪ್ರಾರ್ಥಿಸಿರಿ.